ಸರದಿಯ ಕತ್ತಲೆ

ಚನ್ನರಾಯಪಟ್ಟಣ ರೆಕ್ಕೆಯ ಕೆಳಗೆ ಜಾರುವ ಹೊತ್ತಿಗೆ
ಪ್ಯಾನೆಲ್ಲಿನ ಮೂಲೆಯಲ್ಲೊಂದು ಕೆಂಪು ಚುಕ್ಕೆ.
ಗುಲಗಂಜಿಗಿಂತ ದೊಡ್ಡದೇನಲ್ಲ.
ಅಮ್ಮೀಟರಿನ ಮುಳ್ಳು ಸೊನ್ನೆಯ ಎಡಕ್ಕೆ
ತಲೆಯಿಟ್ಟು ಮಲಗಿತ್ತು.
ಯತೀಶ ನೋಡಲಿಲ್ಲ. ಅವನು ಕಿಟಕಿಯಾಚೆ
ಅಮ್ಮನ ತವರಿನ ಕೆರೆ ಹುಡುಕುತ್ತಿದ್ದ.

ಆಲ್ಟರ್ನೇಟರ್ ಹೋಯಿತು, ಅಂದೆ,
ಪಕ್ಕದ ಬೀದಿಯ ಮುದುಕರ ಸುದ್ದಿ ಹೇಳುವ ದನಿಯಲ್ಲಿ.
ಸ್ವಿಚ್ಚು ಆರಿಸಿ ಹಾಕಿದೆ. ಹೊರಬಂದಿದ್ದ ಗುಂಡಿಯನ್ನು
ಒಳಗೊತ್ತಿದೆ. ಟಕ್ಕೆಂದು ಮತ್ತೆ ಹೊರಗೆ.
ಅವನ ಬೆರಳು ಮುಂದೆ ಬಂತು. ಹಿಡಿದೆ.
ಒಂದು ಸಲ ಕೇಳಬಹುದು ಮಾರಾಯ,
ಎರಡನೇ ಸಲಕ್ಕೆ ಹೊಗೆಯಲ್ಲಿ ಉತ್ತರ ಬರುತ್ತೆ.

ಇನ್ನು ಬ್ಯಾಟರಿ. ಅರ್ಧ ಗಂಟೆಯ ಗಂಟು,
ಸೆರಗಿನ ತುದಿಯಿಂದ ಬಿಚ್ಚಿ ಬಿಚ್ಚಿ ಖರ್ಚು.

ಅಪ್ಪ ದುದ್ದದ ಸಬ್‌ಸ್ಟೇಷನ್ನಿನಲ್ಲಿ
ಇಪ್ಪತ್ತೆರಡು ವರ್ಷ ರಾತ್ರಿಪಾಳಿ.
ಹಾಸನದಿಂದ ಫೋನು ಬಂದರೆ ಎದ್ದು
ಒಂದೊಂದೇ ಫೀಡರ್ ಎಳೆಯುತ್ತಿದ್ದ.
ಮೊದಲು ನಮ್ಮ ಬೀದಿ.
ಅಮ್ಮ ಅದನ್ನು ಕೊನೆತನಕ ಕ್ಷಮಿಸಲಿಲ್ಲ,
ಅವಳ ಮಿಕ್ಸಿಯಲ್ಲಿ ಚಟ್ನಿ ಯಾವತ್ತೂ
ಅರ್ಧ ಕಾಯಿ, ಅರ್ಧ ಶಾಪ.
ಆಮೇಲೆ ಟೆಂಟು ಟಾಕೀಸು, ಆಮೇಲೆ ಗಿರಣಿ;
ಹೆರಿಗೆ ಆಸ್ಪತ್ರೆಯ ಹಿಡಿಕೆಗೆ ಮಾತ್ರ
ಅವನ ಕೈ ಹೋಗುತ್ತಿರಲಿಲ್ಲ.
ಬಯ್ಯುವವರ ಫೋನನ್ನೂ ಎತ್ತುತ್ತಿದ್ದ,
ಹೌದು ಸ್ವಾಮಿ, ತೆಗೆದದ್ದು ನಾನೇ.

ಹಾಗೇ ಎಳೆದೆ ನಾನೂ.
ರೆಕ್ಕೆತುದಿಯ ದೀಪ. ಬಾಲದ ಮಿಣುಕು.
ಎರಡನೇ ರೇಡಿಯೊ. ನಕ್ಷೆ ತೋರುವ ಪರದೆ.
ಅದು ಆರುವಾಗ ಯತೀಶ
ಎಲೆ ಮುಂದಿನಿಂದ ಎಬ್ಬಿಸಿದಂತೆ ನೋಡಿದ.
ಉಳಿದೊಂದು ರೇಡಿಯೊದಲ್ಲಿ ಒಂದೇ ಮಾತು:
ಹೆಸರು, ಎತ್ತರ, ಇಬ್ಬರಿದ್ದೇವೆ, ಭುವನಹಳ್ಳಿ.
ಉತ್ತರ ಅರ್ಧ ದಾರಿಗೆ ಬಂದು
ಕೆಮ್ಮಿ, ಕೂತುಬಿಟ್ಟಿತು.

ಹೆಡ್‌ಸೆಟ್ ತೆಗೆದರೆ ಇಂಜಿನ್ನಿನ ಸದ್ದು ಎಷ್ಟೊಂದು!
"ಇದೂ ನಿಲ್ಲುತ್ತಾ ಮೇಡಂ?" ಕೂಗಿದ.
"ಇಲ್ಲ! ಅದರ ಕಿಡಿ ಅದರದ್ದೇ!
ಮ್ಯಾಗ್ನೆಟೊ! ಪರೀಕ್ಷೆಯಲ್ಲಿ ಬರೆದಿದ್ದೀಯಲ್ಲ!"
ಬರೆದಿದ್ದ. ಪೂರ್ತಿ ಅಂಕ.
ಬರೆದದ್ದನ್ನು ನಂಬುವುದು ಬೇರೆ ಪೇಪರು.

ಪೆಟ್ರೋಲಿನ ಮುಳ್ಳೆರಡೂ ಖಾಲಿಗೆ ಬಿದ್ದವು.
ಬೀಳಲಿ. ಬೆಳಿಗ್ಗೆ ರೆಕ್ಕೆ ಹತ್ತಿ
ಕಡ್ಡಿ ಅದ್ದಿ ಅಳೆದದ್ದು ನಾನೇ.
ದಿಕ್ಸೂಚಿ ತನ್ನ ಎಣ್ಣೆಯಲ್ಲಿ ತೂಗುತ್ತಿತ್ತು,
ಮೀಟರೇ ಇಲ್ಲದ ಮನೆಯ ನಿಶ್ಚಿಂತೆ ಅದಕ್ಕೆ.

ಎಡಕ್ಕೆ ದೂರದಲ್ಲಿ ಹೇಮಾವತಿಯ ಹಿನ್ನೀರು, ಸಂಜೆಯ ತಗಡು.
ಊರಾಚೆ ಬಿಳಿ ಬೋಗುಣಿಗಳು ಆಕಾಶಕ್ಕೆ ಮುಖವೆತ್ತಿ
ಮೂವತ್ತಾರು ಸಾವಿರ ಕಿಲೊಮೀಟರಿನಾಚೆಯ ಪಿಸುಮಾತಿಗೆ
ಕಿವಿಗೊಟ್ಟಿದ್ದವು.
ನಾವು ನೆತ್ತಿಯ ಮೇಲೆ ಸಾವಿರ ಅಡಿ.
ಅಷ್ಟು ಹತ್ತಿರದವರ ಮಾತು ಅವಕ್ಕೆ ಕೇಳುವುದಿಲ್ಲ.

ರನ್‌ವೇ ಇನ್ನೂ ಅರ್ಧ. ಜಲ್ಲಿ ರಾಶಿ, ಒಂದು ರೋಲರ್,
ಹುಲ್ಲಿಗೆ ಬಂದ ನಾಲ್ಕು ಎಮ್ಮೆ.
ತಗ್ಗಿ ಒಂದು ಸುತ್ತು ಹಾಕಿದೆ. ಕಾವಲಿನ ಹೆಂಗಸು
ತಲೆಯೆತ್ತಿ ನೋಡಿ, ಯಾರನ್ನೂ ಕೇಳದೆ,
ಕೋಲು ತಗೊಂಡು ಎಮ್ಮೆ ಅಟ್ಟತೊಡಗಿದಳು.
ಆ ಸಂಜೆ ನಮಗಿದ್ದ ಟವರ್ ಅವಳೇ.

ಫ್ಲ್ಯಾಪಿಗೂ ಕರೆಂಟು ಬೇಕು. ಅದಿಲ್ಲದೆಯೇ
ಚಪ್ಪಟೆಯಾಗಿ, ಜೋರಾಗಿ, ತೇಲಿ, ತೇಲಿ,
ಇನ್ನೂ ತೇಲಿ, ಚಕ್ರ ತಾಗಿ, ಬ್ರೇಕು ಕಿರುಚಿ
ಜಲ್ಲಿ ರಾಶಿಗೆ ಹತ್ತು ಮಾರು ಉಳಿಸಿ ನಿಂತೆವು.

ಅವಳು ಏದುಸಿರಿನಲ್ಲಿ ಬಂದಳು. ಏನಾಯ್ತವ್ವ?
ಕರೆಂಟ್ ಹೋಯ್ತು, ಅಂದೆ.
"ನಮ್ಮಲ್ಲೂ ಮಧ್ಯಾಹ್ನದಿಂದ ಇಲ್ಲ ಕಣವ್ವ.
ಫೋನ್ ಮಾಡುದ್ರೆ ಎತ್ತಾಕಿಲ್ಲ ಮುಂಡೇವು."

ಯತೀಶನಿಗೆ ನಗು ತಡೆಯಲಾಗಲಿಲ್ಲ.
ನಾನು ಮಾಸ್ಟರ್ ಸ್ವಿಚ್ ಆರಿಸಿದ್ದೇನೆಯೇ ಎಂದು
ಕತ್ತಲಲ್ಲಿ ಕೈಯಾಡಿಸಿ
ಇನ್ನೊಮ್ಮೆ ನೋಡಿದೆ.